ಬನವಾಸಿಯನ್ನು ನೆನೆದವರು ಯಾರು? ಪಂಪನ ಪದ್ಯವೊಂದರ ಓದಿನ ಚರಿತ್ರೆ

೧

ಕಾವ್ಯವನ್ನು ಬರೆದವನ ಕಾಲ ಒಂದು, ಓದುವವನ ಕಾಲ ಇನ್ನೊಂದು. ಇವೆರಡರ ನಡುವೆ ಅರ್ಥವು ಹೇಗೆ ಉಳಿಯುತ್ತದೆ, ಹೇಗೆ ಬದಲಾಗುತ್ತದೆ ಎಂಬುದು ಸಾಹಿತ್ಯ ಚರಿತ್ರೆಯ ಮುಖ್ಯ ಪ್ರಶ್ನೆಗಳಲ್ಲಿ ಒಂದು. ನಮ್ಮ ಸಾಹಿತ್ಯ ಚರಿತ್ರೆಗಳು ಬಹುಮಟ್ಟಿಗೆ ಕವಿಗಳ ಚರಿತ್ರೆಗಳಾಗಿವೆ. ಕವಿಯ ಕಾಲ, ದೇಶ, ಮತ, ಆಶ್ರಯದಾತ, ಕೃತಿಗಳು ಇವುಗಳ ನಿರ್ಣಯಕ್ಕೆ ನಾವು ಕೊಟ್ಟಿರುವ ಗಮನವನ್ನು ಓದುಗರ ಚರಿತ್ರೆಗೆ ಕೊಟ್ಟಿಲ್ಲ. ಒಂದೇ ಪದ್ಯವನ್ನು ಬೇರೆ ಬೇರೆ ಶತಮಾನಗಳ ಓದುಗರು ಏನೆಂದು ತಿಳಿದರು, ಹಾಗೆ ತಿಳಿಯಲು ಅವರಿಗೆ ಒದಗಿದ ಆಧಾರಗಳೇನು ಎಂಬುದನ್ನು ಗುರುತಿಸಿದರೆ ಆ ಪದ್ಯದ ಜೊತೆಗೆ ನಮ್ಮ ಪರಿಚಯವೂ ನಮಗೆ ಆದೀತು.

ಈ ದೃಷ್ಟಿಯಿಂದ ಪ್ರಸ್ತುತ ಲೇಖನದಲ್ಲಿ ಪಂಪನ 'ವಿಕ್ರಮಾರ್ಜುನ ವಿಜಯ'ದ ನಾಲ್ಕನೆಯ ಆಶ್ವಾಸದಲ್ಲಿ ಬರುವ ಬನವಾಸಿಯ ವರ್ಣನೆಯನ್ನು ಪರಿಶೀಲನೆಗೆ ಎತ್ತಿಕೊಂಡಿದ್ದೇವೆ. ರಾಜ್ಯದ ಹೊರಗಿರುವ ಕನ್ನಡಿಗರ ಸಭೆಗಳಲ್ಲಿ ಈ ಪದ್ಯಗಳನ್ನು ಕೇಳದವರು ವಿರಳ. ತೆಂಕಣ ಗಾಳಿ ತೀಡಿದರೂ, ಇಂಪಾದ ಹಾಡು ಕಿವಿಗೆ ಬಿದ್ದರೂ ಬನವಾಸಿಯನ್ನು ನೆನೆಯುವ ಆ ಮನಸ್ಸನ್ನು ನಾವು ನಮ್ಮದೇ ಎಂದು ತಿಳಿದಿದ್ದೇವೆ. ಆದರೆ ಅದು ಯಾರ ಮನಸ್ಸು? ಕಾವ್ಯದಲ್ಲಿ ಅಲ್ಲಿ ಮಾತನಾಡುತ್ತಿರುವವರು ಯಾರು? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿದರೆ ಸಾವಿರ ವರ್ಷಗಳ ಓದಿನ ಚರಿತ್ರೆ ತೆರೆದುಕೊಳ್ಳುತ್ತದೆ.

೨

ಮೊದಲು ಕಾವ್ಯದ ಸಂದರ್ಭವನ್ನು ಗಮನಿಸಬೇಕು. ಪಂಪನು ವೇಮುಲವಾಡದ ಚಾಳುಕ್ಯ ಅರಸು ಇಮ್ಮಡಿ ಅರಿಕೇಸರಿಯ ಆಸ್ಥಾನ ಕವಿ. ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ಪಂಪನ 'ಆದಿಪುರಾಣ' 941ರಲ್ಲಿ ಮುಗಿಯಿತು. 'ವಿಕ್ರಮಾರ್ಜುನ ವಿಜಯ'ವೂ ಅದೇ ಸುಮಾರಿನದು. ಈ ಎರಡನೆಯ ಕೃತಿಯಲ್ಲಿ ಅವನು ತನ್ನ ಅರಸನನ್ನು ಅರ್ಜುನನೊಡನೆ ಅಭೇದವಾಗಿ ಕಲ್ಪಿಸಿ ಭಾರತದ ಕಥೆಯನ್ನು ಹೇಳಿದ್ದಾನೆ. ಅದಕ್ಕಾಗಿ ಕಥೆಯಲ್ಲಿ ದೊಡ್ಡ ಮಾರ್ಪಾಡುಗಳನ್ನೇ ಮಾಡಿಕೊಂಡಿದ್ದಾನೆ. ದ್ರೌಪದಿ ಇಲ್ಲಿ ಅರ್ಜುನನೊಬ್ಬನ ಹೆಂಡತಿ. ಕೊನೆಯಲ್ಲಿ ಸುಭದ್ರೆಯೊಡನೆ ಪಟ್ಟವಾಗುವುದು ಅರ್ಜುನನಿಗೆ.

ಈ ಅರ್ಜುನ ತೀರ್ಥಯಾತ್ರೆಗೆ ಹೊರಟು ಬನವಾಸಿ ದೇಶಕ್ಕೆ ಬರುತ್ತಾನೆ. ಆಗ ಆ ನಾಡಿನ ಮಾವು, ಮಲ್ಲಿಗೆ, ಕೋಗಿಲೆ, ದುಂಬಿಗಳ ವರ್ಣನೆಯೂ ಅಲ್ಲಿಯ ಜನರ ತ್ಯಾಗ, ಭೋಗ, ವಿದ್ಯೆ, ಸಂಗೀತ, ಗೋಷ್ಠಿಗಳ ಪ್ರಶಂಸೆಯೂ ಬರುತ್ತವೆ. ಅಲ್ಲಿ ಮನುಷ್ಯರಾಗಿ ಹುಟ್ಟಲಾಗದಿದ್ದರೆ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕು ಎಂಬ ಆಸೆ ವ್ಯಕ್ತವಾಗುತ್ತದೆ. ಯಾರು ಅಂಕುಶವಿಟ್ಟು ತಡೆದರೂ 'ಎನ್ನ ಮನಂ' ಆ ದೇಶವನ್ನೇ ನೆನೆಯುವುದೆಂಬ ಮಾತೂ ಬರುತ್ತದೆ.

ಗಮನಿಸಬೇಕಾದದ್ದು ಈ 'ಎನ್ನ' ಎಂಬ ಪದ. ಕಥಾಸಂದರ್ಭದ ಪ್ರಕಾರ ಇದು ಅರ್ಜುನನಿಗೆ ಸಲ್ಲಬೇಕು. ಆದರೆ ಬನವಾಸಿಯಲ್ಲೇ ನಿಂತಿರುವವನು ಬನವಾಸಿಯನ್ನು ನೆನೆಯಬೇಕಾದದ್ದೇಕೆ? ನೆನಪು ದೂರದಲ್ಲಿರುವವನಿಗೆ ಉಂಟಾಗುವಂಥದು. ಇಂದ್ರಪ್ರಸ್ಥದ ಅರ್ಜುನನಿಗೆ ಈ ನಾಡು ಹಳೆಯ ಪರಿಚಯದ್ದೂ ಅಲ್ಲ. ಈ ಕಾರಣದಿಂದ ಇಪ್ಪತ್ತನೆಯ ಶತಮಾನದ ಓದುಗರು ಬಹುಮಟ್ಟಿಗೆ ಇಲ್ಲಿ ಕವಿಯೇ ಪಾತ್ರದ ಮರೆಯಿಂದ ಹೊರಬಂದು ಮಾತನಾಡಿದ್ದಾನೆ ಎಂದು ತಿಳಿದರು. ವೇಮುಲವಾಡದಲ್ಲಿದ್ದ ಪಂಪ ತಾನು ಕಂಡುಬಂದ ನಾಡಿಗಾಗಿ ಹಂಬಲಿಸಿದನೆಂಬ ತೀರ್ಮಾನ ಹೀಗೆ ಹುಟ್ಟಿತು.

ಈ ಓದು ಆಧಾರವಿಲ್ಲದ್ದಲ್ಲ. ಆದರೆ ಇದೊಂದೇ ಸಾಧ್ಯವಾದ ಓದೆಂದು ಹೇಳಲಾಗದು. 'ನೆನೆವುದು' ಎಂಬ ಕ್ರಿಯಾರೂಪವನ್ನು ನೋಡಿ. ಹಳಗನ್ನಡದ ಕಾಲಸೂಚಕ ಪ್ರತ್ಯಯಗಳಲ್ಲಿ 'ದಪ' ವರ್ತಮಾನಕ್ಕೂ 'ವ' ಭವಿಷ್ಯತ್ತಿಗೂ ಸಲ್ಲುತ್ತವೆಂಬುದು ಕೇಶಿರಾಜನ ವ್ಯವಸ್ಥೆ. ಪ್ರಯೋಗದಲ್ಲಿ 'ವ'ಕಾರರೂಪವು ರೂಢಿಯಾಗಿ ನಡೆಯುವ ಕ್ರಿಯೆಯನ್ನೂ ಹೇಳುತ್ತದೆ. ಹಾಗಾದರೆ ಈ ಮಾತಿಗೆ ಎರಡು ಅರ್ಥಗಳು ಕೂಡಿಬರುತ್ತವೆ. 'ಯಾವಾಗಲೂ ನೆನೆಯುತ್ತದೆ' ಎಂದರೆ ದೂರದಲ್ಲಿರುವ ಕವಿಯ ಮಾತು. 'ಇನ್ನು ಮುಂದೆ ನೆನೆಯುವುದು' ಎಂದರೆ ಆ ನಾಡನ್ನು ಕಂಡು ಮೆಚ್ಚಿ, ಅಲ್ಲಿಂದ ಹೊರಡಬೇಕಾಗಿರುವ ಯಾತ್ರಿಕ ಅರ್ಜುನನ ಮಾತು. ಹೊಸಗನ್ನಡದಲ್ಲಿ ನಾವು ಈ ಪದ್ಯವನ್ನು ವಿವರಿಸುವಾಗ 'ನೆನೆಯುತ್ತದೆ' ಎಂದುಬಿಡುತ್ತೇವೆ. ಆ ಒಂದು ರೂಪದ ಆಯ್ಕೆಯಿಂದಲೇ ಅರ್ಜುನ ಹಿಂದೆ ಸರಿದು ಪಂಪ ಮುಂದೆ ಬರುತ್ತಾನೆ. ಅರ್ಥನಿರ್ಣಯ ಎಷ್ಟು ಸದ್ದಿಲ್ಲದೆ ನಡೆಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

೩

ಪಂಪನ ಕಾಲದ ಕೇಳುಗರು ಇದನ್ನು ಹೇಗೆ ಗ್ರಹಿಸಿರಬಹುದು? ಇದಕ್ಕೆ ಉತ್ತರವಾಗಿ ಅವರ ಬರಹವೇನೂ ನಮಗಿಲ್ಲ. ಆದರೆ ಅವರ ಅಪೇಕ್ಷೆ ಏನಾಗಿತ್ತೆಂಬುದನ್ನು ಪಂಪನೇ ಕಾವ್ಯದ ಆರಂಭದಲ್ಲಿ ಸೂಚಿಸಿದ್ದಾನೆ. ಕಥೆಯ ಮೈ ಕೆಡದಂತೆ, ವರ್ಣನೆಯು ಕಥೆಯೊಡನೆ ಹೊಂದಿಕೊಳ್ಳುವಂತೆ ಸಮಸ್ತ ಭಾರತವನ್ನು ಹೇಳಬಲ್ಲವನು ಪಂಪನೊಬ್ಬನೇ ಎಂದು ಪಂಡಿತರು ಒತ್ತಾಯಿಸಿದ್ದರಿಂದ ಈ ಕೃತಿಯನ್ನು ಕೈಗೊಂಡೆನೆಂದು ಅವನು ಹೇಳುತ್ತಾನೆ. ಅಂದರೆ ವರ್ಣನೆಯು ಕಥೆಗೆ ಒಡಂಬಡಬೇಕೆಂಬುದು ಆ ಕಾಲದ ಬಲ್ಲ ಓದುಗರ ಅಳತೆಗೋಲಾಗಿತ್ತು. ಈ ಅಳತೆಗೋಲಿನಿಂದ ನೋಡಿದರೆ ಬನವಾಸಿಯ ವರ್ಣನೆ ಅರ್ಜುನನ ಯಾತ್ರೆಯ ಅಂಗವಾಗಿಯೇ ಕೇಳಿಸಿರಬೇಕು. ಅರ್ಜುನನೆಂದರೆ ಅರಿಕೇಸರಿಯೇ ಆದ್ದರಿಂದ, ಸಭೆಯಲ್ಲಿ ಕುಳಿತ ಅರಸನೇ ಕನ್ನಡ ನಾಡಿನ ಚೆಲುವಾದ ಪ್ರಾಂತವೊಂದನ್ನು ಮೆಚ್ಚಿ ನುಡಿದಂತೆಯೂ ಕೇಳಿಸಿರಬಹುದು. ಹೀಗೆ 'ಎನ್ನ' ಎಂಬ ಪದದಲ್ಲಿ ಅರ್ಜುನ, ಅರಿಕೇಸರಿ, ಪಂಪ ಮೂವರಿಗೂ ಎಡೆಯಿದೆ.

ಮುಂದಿನ ಶತಮಾನಗಳಲ್ಲಿ ಪಂಪನನ್ನು ಓದಿದವರು ಮುಖ್ಯವಾಗಿ ಕವಿಗಳು, ವೈಯಾಕರಣರು, ಸಂಕಲನಕಾರರು. ನಾಗಚಂದ್ರ ತನ್ನನ್ನು ಅಭಿನವ ಪಂಪನೆಂದು ಕರೆದುಕೊಂಡ. ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ತಾನು ಲಕ್ಷ್ಯವಾಗಿಟ್ಟುಕೊಂಡ ಕವಿಗಳ ಸಾಲಿನಲ್ಲಿ ಪಂಪನನ್ನು ಹೆಸರಿಸಿದ. ಇವರಿಗೆ ಪಂಪನ ಮಾತು ಪ್ರಮಾಣವಾಗಿತ್ತು. ಅದು ಪಂಪನ ಬಾಳಿನ ವೃತ್ತಾಂತವನ್ನು ತಿಳಿಸುತ್ತದೆಯೇ ಎಂಬ ಕುತೂಹಲ ಅವರ ಗ್ರಂಥಗಳಲ್ಲಿ ಕಾಣುವುದಿಲ್ಲ.

ಕೇಶಿರಾಜನ ತಂದೆ ಮಲ್ಲಿಕಾರ್ಜುನ ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನ ಕಾಲಕ್ಕೆ 'ಸೂಕ್ತಿಸುಧಾರ್ಣವ'ವನ್ನು ಸಿದ್ಧಪಡಿಸಿದ. ಹದಿನಾರನೆಯ ಶತಮಾನದಲ್ಲಿ ಅಭಿನವವಾದಿ ವಿದ್ಯಾನಂದ 'ಕಾವ್ಯಸಾರ'ವನ್ನು ರಚಿಸಿದ. ಹಿಂದಿನ ಕಾವ್ಯಗಳ ಪದ್ಯಗಳನ್ನು ವರ್ಣನೆಯ ವಿಷಯಗಳಿಗೆ ಅನುಸಾರವಾಗಿ ಆಯ್ದು ಜೋಡಿಸಿದ ಗ್ರಂಥಗಳು ಇವು. ಸಂಕಲನಕಾರನ ಕೈಯಲ್ಲಿ ಪದ್ಯವು ಕಥೆಯಿಂದ ಬಿಡುಗಡೆ ಹೊಂದುತ್ತದೆ. ಅದನ್ನು ಯಾವ ಪಾತ್ರ, ಯಾವ ಸಂದರ್ಭದಲ್ಲಿ ಆಡಿತೆಂಬುದು ಹಿಂದುಳಿದು ಪದ್ಯದ ಸೊಗಸು ಮಾತ್ರ ಮುಂದೆ ನಿಲ್ಲುತ್ತದೆ. ಪದ್ಯವೊಂದನ್ನು ಸಂದರ್ಭದಿಂದ ಕಿತ್ತು ಓದುವುದು ಆಧುನಿಕರ ಅವಸರವೆಂದು ನಾವು ತಿಳಿದಿದ್ದರೆ ಅದು ಸರಿಯಲ್ಲ. ಈ ಬಗೆಯ ಓದು ಕನ್ನಡದಲ್ಲಿ ಏಳೂವರೆ ಶತಮಾನಗಳಿಗೂ ಹಿಂದಿನದು.

೪

ಪಂಪಭಾರತವು ಮುದ್ರಣಕ್ಕೆ ಬಂದದ್ದು 1898ರಲ್ಲಿ. ಬಿ. ಎಲ್. ರೈಸ್ ಅವರು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಅದನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಬಂದಿತು. ಕನ್ನಡ ಸಾಹಿತ್ಯ ಪರಿಷತ್ತು 1931ರಲ್ಲಿ ಕಾವ್ಯದ ಪರಿಷ್ಕೃತ ಮುದ್ರಣವನ್ನು ಹೊರತಂದಿತು. ಮುಳಿಯ ತಿಮ್ಮಪ್ಪಯ್ಯನವರ 'ನಾಡೋಜ ಪಂಪ' 1938ರಲ್ಲಿ ಪ್ರಕಟವಾಯಿತು. ಕೆಲವೇ ಹಸ್ತಪ್ರತಿಗಳಲ್ಲಿ ಉಳಿದಿದ್ದ ಕಾವ್ಯವೊಂದು ನಲವತ್ತು ವರ್ಷಗಳೊಳಗೆ ಕನ್ನಡದ ಆದಿಮಹಾಕಾವ್ಯವಾಗಿ ಸ್ಥಾಪಿತವಾಯಿತು.

ಆ ನಲವತ್ತು ವರ್ಷಗಳ ರಾಜಕೀಯ ಭೂಪಟವನ್ನು ಈ ಸಂದರ್ಭದಲ್ಲಿ ಕಣ್ಣ ಮುಂದೆ ಇಟ್ಟುಕೊಳ್ಳಬೇಕು. ಬನವಾಸಿ ಇದ್ದ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪಂಪನು ತನ್ನ ಕಾವ್ಯಭಾಷೆಯ ತಿರುಳೆಂದು ಹೇಳಿಕೊಂಡ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಮೀರಜ್ ಸಂಸ್ಥಾನದಲ್ಲಿತ್ತು. ಅವನು ಕಾವ್ಯ ರಚಿಸಿದ ವೇಮುಲವಾಡ ನಿಜಾಮರ ಹೈದರಾಬಾದು ರಾಜ್ಯದಲ್ಲಿತ್ತು. ಕಾವ್ಯ ಮುದ್ರಣವಾದದ್ದು ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ. ಮುಳಿಯ ತಿಮ್ಮಪ್ಪಯ್ಯನವರು ಬಾಳಿದ ದಕ್ಷಿಣ ಕನ್ನಡ ಮದರಾಸು ಪ್ರಾಂತದ್ದು. ಒಂದೇ ಕಾವ್ಯಕ್ಕೆ ಸಂಬಂಧಿಸಿದ ನೆಲ, ಅದರ ಓದುಗರು, ಅದರ ಮುದ್ರಕರು ಹೀಗೆ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು.

ಇಂಥ ಓದುಗರ ಕಣ್ಣಿಗೆ ಬನವಾಸಿಯ ಪದ್ಯಗಳು ಬಿದ್ದಾಗ ಅವುಗಳಲ್ಲಿ ನಾಡಿನ ಹಂಬಲ ಕಂಡದ್ದು ಸಹಜವೇ. ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' 1917ರಲ್ಲಿ ಹೊರಬಂದು ಹಳೆಯ ರಾಜ್ಯಗಳ ನೆನಪನ್ನು ಏಕೀಕರಣದ ಪ್ರೇರಣೆಯಾಗಿ ಮಾಡಿತ್ತು. ಕದಂಬರ ರಾಜಧಾನಿಯಾಗಿದ್ದ ಬನವಾಸಿಯ ಹೆಸರಿಗೇ ಆಗ ಒಂದು ಭಾವತೂಕ ಬಂದಿತ್ತು. ಪಂಪನ ಕಾಲದಲ್ಲಿ 'ಬನವಾಸಿ ದೇಶ'ವೆಂದರೆ ಬನವಾಸಿ ಪನ್ನಿರ್ಚ್ಛಾಸಿರವೆಂಬ ಒಂದು ಪ್ರಾಂತ. ಏಕೀಕರಣದ ಓದುಗರಿಗೆ ಅದು ಇಡೀ ಕರ್ನಾಟಕದ ಪ್ರತೀಕವಾಯಿತು. 1956ರ ನವೆಂಬರ್ 1ರಂದು ಕನ್ನಡ ರಾಜ್ಯ ರೂಪುಗೊಂಡ ಮೇಲೆ, 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂದ ಮೇಲೆ, ಈ ಅರ್ಥ ಮತ್ತಷ್ಟು ಗಟ್ಟಿಯಾಯಿತು. ಕರ್ನಾಟಕ ಸರ್ಕಾರ 1987ರಲ್ಲಿ ಪಂಪ ಪ್ರಶಸ್ತಿಯನ್ನು ಸ್ಥಾಪಿಸಿ ಮೊದಲ ಬಾರಿಗೆ ಕುವೆಂಪು ಅವರಿಗೆ ನೀಡಿತು; ಆ ಪ್ರಶಸ್ತಿಯ ಪ್ರದಾನಕ್ಕೆ ಬನವಾಸಿಯೇ ವೇದಿಕೆಯಾದದ್ದೂ ಇದೇ ಓದಿನ ಫಲ.

ಜರ್ಮನಿಯ ವಿದ್ವಾಂಸ ಹಾನ್ಸ್ ರಾಬರ್ಟ್ ಯಾಸ್ 1967ರಲ್ಲಿ ಮಂಡಿಸಿದ ವಿಚಾರವೊಂದನ್ನು ಇಲ್ಲಿ ನೆನೆಯಬಹುದು. ಪ್ರತಿಯೊಂದು ಕಾಲದ ಓದುಗರಿಗೂ ಒಂದು ನಿರೀಕ್ಷೆಯ ದಿಗಂತವಿರುತ್ತದೆ, ಕೃತಿಯು ಆ ದಿಗಂತದೊಳಗೆ ಅರ್ಥ ಪಡೆಯುತ್ತದೆ ಎಂಬುದು ಅದರ ಸಾರ. ನಮ್ಮ ಪರಂಪರೆಗೆ ಈ ವಿಚಾರ ಪೂರ್ತಿ ಹೊಸದಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಯನ್ನು ಹೇಳುವಾಗ ಅದನ್ನು ಗ್ರಹಿಸಬಲ್ಲ ಸಹೃದಯನನ್ನು ಎದುರಿಗಿಟ್ಟುಕೊಂಡೇ ಹೇಳಿದನು. ಕಾವ್ಯಾಭ್ಯಾಸದಿಂದ ಕನ್ನಡಿಯಂತೆ ನಿರ್ಮಲವಾದ ಮನಸ್ಸು ಸಹೃದಯನದೆಂದು ಅಭಿನವಗುಪ್ತ ವಿವರಿಸಿದನು. ಆದರೆ ಎರಡಕ್ಕೂ ಒಂದು ಭೇದವಿದೆ. ಸಹೃದಯನ ಕಲ್ಪನೆಯಲ್ಲಿ ಓದುಗನ ಸಿದ್ಧತೆಗೆ ಪ್ರಾಧಾನ್ಯ. ಅವನ ಊರು, ಅವನ ಕಾಲದ ಕೊರತೆಗಳು ಲೆಕ್ಕಕ್ಕೆ ಬರುವುದಿಲ್ಲ. ಬನವಾಸಿಯ ಪದ್ಯದ ಓದಿನಲ್ಲಿ ನಮಗೆ ಕಾಣುವುದು ಆ ಕೊರತೆಯ ಪಾತ್ರ. ನಾಡು ಒಡೆದಿದ್ದ ಕಾಲದ ಓದುಗರು ಒಡೆಯದ ನಾಡನ್ನು ಈ ಪದ್ಯದಲ್ಲಿ ಕಂಡರು.

೫

ಓದುಗರ ದಿಗಂತವನ್ನು ಬದಲಿಸುವ ಶಕ್ತಿ ಹೊಸ ಸಾಕ್ಷ್ಯಕ್ಕೂ ಇದೆ. ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಗಂಗಾಧರದ ಬಳಿ ಕುರಿಕ್ಯಾಲದ ಬೊಮ್ಮಲಗುಟ್ಟದಲ್ಲಿ ಒಂದು ಶಾಸನವಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ವಿದ್ವಾಂಸರ ಚರ್ಚೆಗೆ ಬಂದಿತು. ಅದನ್ನು ಹಾಕಿಸಿದವನು ಪಂಪನ ತಮ್ಮ ಜಿನವಲ್ಲಭ. ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿರುವ ಆ ಶಾಸನ ಪಂಪನ ಮನೆತನದ ವಿವರಗಳನ್ನು ಕೊಡುತ್ತದೆ. ತಂದೆಯ ಕಡೆಯವರು ವೆಂಗಿನಾಡಿನ ವಂಗಿಪರ್ರಿನವರು. ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಅರಿಕೇಸರಿ ಪಂಪನಿಗೆ ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟ ಸಂಗತಿ ಕಾವ್ಯದಲ್ಲಿಯೂ ಇದೆ, ಶಾಸನದಲ್ಲಿಯೂ ಇದೆ. ಜಿನವಲ್ಲಭ ತೋಡಿಸಿದ ಕೆರೆಗೆ ಅಣ್ಣನ ಬಿರುದಾದ ಕವಿತಾಗುಣಾರ್ಣವವೆಂಬ ಹೆಸರನ್ನೇ ಇಡಲಾಗಿದೆ.

ಈ ಶಾಸನವನ್ನು ಓದಿದ ಮೇಲೆ ಬನವಾಸಿಯ ಪದ್ಯವನ್ನು ಮೊದಲಿನಂತೆಯೇ ಓದಲು ಬರುವುದಿಲ್ಲ. ತಂದೆಯ ಮೂಲ ವೆಂಗಿ. ತಾಯಿಯ ಕಡೆಯ ಊರು ಅಣ್ಣಿಗೇರಿ. ಅದು ಬೆಳ್ವೊಲ ಮುನ್ನೂರರ ಊರು. ಭಾಷೆಯ ತಿರುಳು ಪುಲಿಗೆರೆ. ಅದು ಪುಲಿಗೆರೆ ಮುನ್ನೂರು. ಆಸ್ಥಾನ ವೇಮುಲವಾಡ. ಇವುಗಳಲ್ಲಿ ಯಾವುದೂ ಬನವಾಸಿ ಪನ್ನಿರ್ಚ್ಛಾಸಿರಕ್ಕೆ ಸೇರಿದ್ದಲ್ಲ. ಕವಿಗೆ ಆ ನಾಡಿನ ಪರಿಚಯ ಆಪ್ತವಾಗಿತ್ತೆಂಬುದನ್ನು ಪದ್ಯಗಳೇ ಹೇಳುತ್ತವೆ. ಆದರೆ ಪದ್ಯದಲ್ಲಿ ನೆನಪು ಇದೆ ಎಂಬುದರಿಂದ ಅದು ಹುಟ್ಟೂರಿನ ನೆನಪೇ ಎಂದು ಸಾಧಿಸಲಾಗದು. ಹುಟ್ಟಿದ ಊರನ್ನು ಬಿಟ್ಟು ಬಂದವನ ಕೊರಗು ಎಂಬ ಓದು ಇಲ್ಲಿ ಸಡಿಲಗೊಳ್ಳುತ್ತದೆ. ಮೆಚ್ಚಿ ತನ್ನದಾಗಿಸಿಕೊಂಡ ನಾಡಿನ ಮೇಲಿನ ಪ್ರೀತಿ ಎಂಬ ಓದಿಗೆ ಅವಕಾಶ ಒದಗುತ್ತದೆ. ಯಾತ್ರಿಕನಾದ ಅರ್ಜುನನಿಗೆ ಈ ಭಾವ ಹೊಂದುವುದು ಕೂಡ ಆಗಲೇ.

ಇದೇ ಶಾಸನಕ್ಕೆ ಇನ್ನೊಂದು ಓದುಗವರ್ಗವೂ ಇದೆ. ತೆಲುಗು ಸಾಹಿತ್ಯ ಚರಿತ್ರಕಾರರಿಗೆ ಅದು ಮುಖ್ಯವಾದದ್ದು ಅದರಲ್ಲಿರುವ ತೆಲುಗು ಕಂದಪದ್ಯಗಳಿಂದಾಗಿ. ನನ್ನಯ್ಯನಿಗಿಂತ ಹಿಂದಿನ ತೆಲುಗು ಪದ್ಯರಚನೆಗೆ ಅದು ಸಾಕ್ಷಿ. ಒಂದೇ ಬಂಡೆಯ ಮುಂದೆ ನಿಂತ ಕನ್ನಡ ವಿದ್ವಾಂಸ ಪಂಪನ ಅಜ್ಜಿಯ ಮನೆಯನ್ನು ಹುಡುಕುತ್ತಾನೆ. ತೆಲುಗು ವಿದ್ವಾಂಸ ತನ್ನ ಛಂದಸ್ಸಿನ ಮೊದಲ ಹೆಜ್ಜೆಯನ್ನು ಗುರುತಿಸುತ್ತಾನೆ. ಇಬ್ಬರೂ ಸರಿಯಾಗಿಯೇ ಓದುತ್ತಿದ್ದಾರೆ. ಆದರೆ ಶಾಸನವನ್ನು ಪೂರ್ತಿಯಾಗಿ ಓದಬೇಕಾದರೆ ಇಬ್ಬರೂ ಒಬ್ಬರ ಪಕ್ಕದಲ್ಲೊಬ್ಬರು ನಿಲ್ಲಬೇಕಾಗುತ್ತದೆ.

೬

ಈ ಚರಿತ್ರೆಯಿಂದ ರಾಜ್ಯದ ಹೊರಗಿರುವ ನಮ್ಮಂಥ ಓದುಗರಿಗೆ ಏನು ತಿಳಿಯುತ್ತದೆ? ನಾವು ಸಾಮಾನ್ಯವಾಗಿ ಪಂಪನನ್ನು ಮೊದಲ ಹೊರನಾಡ ಕನ್ನಡಿಗನೆಂದು ಭಾವಿಸಿ ಅವನ ನೆನಪಿನೊಳಗೆ ನಮ್ಮ ನೆನಪನ್ನು ಸೇರಿಸಿಕೊಳ್ಳುತ್ತೇವೆ. ದೆಹಲಿಯಲ್ಲಿಯೋ ಮುಂಬಯಿಯಲ್ಲಿಯೋ ಕುಳಿತು ಈ ಪದ್ಯವನ್ನು ಓದುವವನಿಗೆ ಅದು ತನ್ನ ಅನುಭವವೆಂದೇ ತೋರುತ್ತದೆ. ಈ ಭಾವವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಸಾವಿರ ವರ್ಷ ಕಳೆದ ಮೇಲೂ ಪದ್ಯವೊಂದು ಓದುವವನ ಮನಸ್ಸನ್ನು ಮುಟ್ಟುವುದು ಅದರ ಸತ್ವಕ್ಕೆ ಸಾಕ್ಷಿ. ಆದರೆ ಸಂಶೋಧಕನು ಭಾವವನ್ನೂ ಸಾಕ್ಷ್ಯವನ್ನೂ ಬೆರೆಸಬಾರದು.

ಪಂಪನಿಗೆ ಒಂದು ಶತಮಾನ ಮೊದಲಿನ 'ಕವಿರಾಜಮಾರ್ಗ'ವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿದೆ. ವೇಮುಲವಾಡ ಗೋದಾವರಿಯ ದಕ್ಷಿಣಕ್ಕಿದೆ. ಆ ಲೆಕ್ಕದಲ್ಲಿ ಪಂಪ ಹೊರನಾಡಿನವನೇ ಅಲ್ಲ. ಅವನನ್ನು ಹೊರಗಿನವನನ್ನಾಗಿ ಮಾಡಿದ್ದು ಸಾವಿರ ವರ್ಷಗಳ ಅನಂತರ ಎಳೆದ ಗಡಿಗಳು. ಆ ಗಡಿಗಳನ್ನು ಹಿಂದಕ್ಕೆ ಒಯ್ದು ಕಾವ್ಯವನ್ನು ಓದಿದವರು ನಾವು. ಅದಲ್ಲದೆ ಅವನ ತಮ್ಮ ಮೂರು ಭಾಷೆಗಳಲ್ಲಿ ಶಾಸನ ಬರೆಸಿದ ಪರಿಸರವೇ ಅವನ ಕಾವ್ಯದ ಪರಿಸರವೂ ಆಗಿತ್ತು. ಕನ್ನಡದ ನೆನಪನ್ನು ಅಷ್ಟು ತೀವ್ರವಾಗಿ ಹಿಡಿದಿಟ್ಟ ಪದ್ಯ ಹುಟ್ಟಿದ್ದು ಕನ್ನಡವೊಂದೇ ಕೇಳಿಬರುತ್ತಿದ್ದ ನೆಲದಲ್ಲಿ ಅಲ್ಲ. ಹಲವು ಭಾಷೆಗಳು ಕೂಡಿ ಬಾಳುತ್ತಿದ್ದ ನೆಲದಲ್ಲಿ. ಹೊರಗಿದ್ದೇವೆಂಬ ಕೊರಗಿಗಿಂತ ಈ ಸಂಗತಿ ನಮಗೆ ಹೆಚ್ಚು ಉಪಯುಕ್ತವೆಂದು ನಮ್ಮ ಭಾವನೆ.

ಹಾಗಾದರೆ ಬನವಾಸಿಯನ್ನು ನೆನೆದವರು ಯಾರು? ಕಥೆಯ ಒಳಗೆ ಅರ್ಜುನ, ಅರ್ಜುನನೊಳಗೆ ಅರಿಕೇಸರಿ, ಇಬ್ಬರ ಹಿಂದೆ ಪಂಪ, ಅನಂತರ ನಾಡು ಒಂದಾಗಬೇಕೆಂದು ಹಂಬಲಿಸಿದ ಓದುಗರು, ಈಗ ದೂರದ ನಗರಗಳಲ್ಲಿರುವ ನಾವು. ಒಳ್ಳೆಯ ಬರಹ ಇಷ್ಟು ಜನಕ್ಕೆ ಎಡೆ ಕೊಡಬಲ್ಲುದು. ಆದರೆ ಎಲ್ಲ ಓದುಗಳೂ ಸಮಾನವೆಂದು ಇದರಿಂದ ಹೇಳಿದಂತಾಗುವುದಿಲ್ಲ. ಪದ್ಯದ ವ್ಯಾಕರಣ ಒಪ್ಪಬೇಕು, ಕಥಾಸಂದರ್ಭ ಒಪ್ಪಬೇಕು, ಶಾಸನದ ಸಾಕ್ಷ್ಯಕ್ಕೆ ವಿರುದ್ಧವಾಗಬಾರದು. ಈ ಮೂರು ಪರೀಕ್ಷೆಗಳಲ್ಲಿ ನಿಲ್ಲುವ ಓದು ನಮ್ಮ ಕಾಲದ್ದಾದರೂ ಪಂಪನಿಗೆ ಪರಕೀಯವಾಗದು.

ಕನ್ನಡದ ಇತರ ಪ್ರಸಿದ್ಧ ಪದ್ಯಗಳಿಗೂ ಇಂಥ ಓದಿನ ಚರಿತ್ರೆಗಳನ್ನು ಬರೆಯಲು ಸಾಧ್ಯವಿದೆ. ಹಳೆಯ ಸಂಕಲನಗಳು, ಲಕ್ಷಣಗ್ರಂಥಗಳ ಉದಾಹರಣೆಗಳು, ಮೊದಲ ಮುದ್ರಣಗಳ ಪೀಠಿಕೆಗಳು, ನೆರೆಭಾಷೆಯ ವಿದ್ವಾಂಸರ ಬರಹಗಳು ಇವೆಲ್ಲ ಅದಕ್ಕೆ ಆಕರಗಳು. ಇವುಗಳಲ್ಲಿ ಕೊನೆಯದನ್ನು ಕಲೆಹಾಕಲು ಹೈದರಾಬಾದು, ಚೆನ್ನೈ, ಪುಣೆಗಳಲ್ಲಿರುವ ಕನ್ನಡ ಸಂಶೋಧಕರಿಗೆ ಇರುವ ಅನುಕೂಲ ಕರ್ನಾಟಕದೊಳಗಿನವರಿಗೆ ಅಷ್ಟಾಗಿ ಇಲ್ಲ. ಕುರಿಕ್ಯಾಲದ ಬಂಡೆ ಹೈದರಾಬಾದಿನಿಂದ ಒಂದು ದಿನದ ಪ್ರಯಾಣದಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದೆ. ಅದನ್ನು ತೆಲುಗು ಬಲ್ಲ ಸಹಪಾಠಿಯೊಬ್ಬರೊಡನೆ ಹೋಗಿ ಓದಿ ಬರುವುದರಿಂದ ಈ ಕೆಲಸವನ್ನು ಆರಂಭಿಸಬಹುದು.